ಜೀಪ್ ಎಳೆಯೋ ಮುಂಚೆ ಟೇಪ್ ಹಿಡಿದು ಅಳೆಯಿರಿ

ಲಿಫ್ಟ್ ಮಾಡಿಸಿದ (ನೆಲದಿಂದ ಎತ್ತರಿಸಿದ) ಆಟೋಮ್ಯಾಟಿಕ್ ಜೀಪ್ ರ‍್ಯಾಂಗ್ಲರನ್ನು ಮೋಟರ್‌ಹೋಮ್ (ಮನೆಯಂತಿರುವ ದೊಡ್ಡ ಗಾಡಿ) ಹಿಂದೆ ನಾಲ್ಕೂ ಚಕ್ರ ನೆಲದ ಮೇಲಿಟ್ಟೇ ಅಮೆರಿಕದ ಯೂಟಾದ ಮೋಆಬ್‌ವರೆಗೆ ಎಳೆಯಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ. ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಓಡುತ್ತಿರುವಾಗಲೇ ರಿವರ್ಸ್, ಡ್ರೈವ್ ಎರಡಕ್ಕೂ ಹಾಕಿ ಬ್ರೇಕ್ ಬಿಟ್ಟು ನೋಡಿ. ಗಾಡಿ ಒಂದಿಂಚೂ ಅಲುಗಬಾರದು. ಆಮೇಲೆ ಎಂಜಿನ್ ಆರಿಸಿ, ಗೇರ್ ಪಾರ್ಕ್‌ಗೆ. ಸ್ಟೀರಿಂಗ್ ಲಾಕ್ ಆಗಿರಬಾರದು.

ನಿಮಗೆ ನಿಜವಾದ ತಲೆನೋವು ಆ ಲಿಫ್ಟೇ. ಟೋ ಬಾರ್ (ಎರಡೂ ಗಾಡಿಗಳನ್ನು ಜೋಡಿಸುವ ಕಂಬಿ) ಮಟ್ಟಸವಾಗಿರಬೇಕು, ಎರಡು ತುದಿಯ ಎತ್ತರದಲ್ಲಿ 3 ಇಂಚಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಹೆಚ್ಚು ಬಂದರೆ ಮೋಟರ್‌ಹೋಮ್ ಹಿಚ್‌ಗೆ (ಹಿಂದಿನ ಕೊಂಡಿಗೆ) ಎತ್ತರ ಸರಿದೂಗಿಸುವ ಹೈ-ಲೋ ಅಡಾಪ್ಟರ್ ಹಾಕಿಸಿ. ಜೀಪಿಗೆ ಪ್ರತ್ಯೇಕ ಬ್ರೇಕ್ ವ್ಯವಸ್ಥೆಯೂ ಇರಲಿ, ಇದರಲ್ಲಿ ಜುಗ್ಗತನ ಬೇಡ.

ಕಟ್ಟಿಕೊಂಡು ರಿವರ್ಸ್ ಮಾತ್ರ ಹೋಗಬೇಡಿ. ಗ್ಯಾಸ್ ಸ್ಟೇಷನ್ನಿನಲ್ಲಿ ಸಿಕ್ಕಿಕೊಂಡು, ಹಿಂದಿನವರ ಹಾರನ್ ಕೇಳುತ್ತಾ ಟೋ ಬಾರ್ ಪಿನ್ ಕಳಚಿದವನು ನಾನು.