ಗೋಡೆಗೆ ತೂಗುಹಾಕಿದ ಲೈಸೆನ್ಸ್ ಏನನ್ನು ಹೇಳುತ್ತದೆ?

ಪ್ರಶ್ನೆ: ಶಿವಮೊಗ್ಗದಲ್ಲಿ 70 ಜನರಿರುವ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಎರಡು ವರ್ಷದ ಮಗನನ್ನು ಒಂದು ಮನೆಯಲ್ಲಿ ನಡೆಯುವ ಡೇ ಕೇರ್‌ಗೆ ಬಿಡುತ್ತೇನೆ. ಕಳೆದ ವಾರ ಅವನ ಮುಂಗೈ ಮೇಲೆ ಬಿಸಿನೀರಿನ ಬೊಬ್ಬೆ ಎದ್ದಿತ್ತು. "ಬಚ್ಚಲಿಗೆ ಹೋಗ್ಬಿಟ್ಟಿದ್ದ, ಏನಾಗಲ್ಲ ಬಿಡಿ" ಅಂದರು. ಗೋಡೆ ಮೇಲೆ ಲೈಸೆನ್ಸ್ ಇದೆ. ಹಾಗಾದರೆ ಸರ್ಕಾರದವರು ಬಂದು ನೋಡುತ್ತಿರುತ್ತಾರೆ ಅಲ್ಲವೇ ಮೇಡಂ? ದೂರು ಕೊಟ್ಟರೆ ಮಗನನ್ನು ಎಲ್ಲಿ ಬಿಡಲಿ ಅನ್ನುವುದೇ ಚಿಂತೆ.
– ಒಬ್ಬ ತಾಯಿ

ಉತ್ತರ: ಮೊದಲು ಆ ಲೈಸೆನ್ಸನ್ನು ಹತ್ತಿರ ಹೋಗಿ ಓದಿಯಮ್ಮ. ಮಹಾನಗರ ಪಾಲಿಕೆಯ ಉದ್ದಿಮೆ ಪರವಾನಗಿಯಾಗಿದ್ದರೆ, ಅದು ಆ ಜಾಗದಲ್ಲಿ ವ್ಯವಹಾರ ನಡೆಸಲು ಸಿಕ್ಕ ಒಪ್ಪಿಗೆ, ಅಷ್ಟೇ. ಎಷ್ಟು ಮಕ್ಕಳಿಗೆ ಒಬ್ಬ ಆಯಾ, ಆಕೆ ಯಾರು, ಮಗು ಬಚ್ಚಲಿಗೆ ನುಗ್ಗಿದಾಗ ಅವಳೆಲ್ಲಿದ್ದಳು ಎಂಬುದನ್ನು ಆ ಕಾಗದ ಹೇಳುವುದಿಲ್ಲ. ಯಾವ ಇಲಾಖೆಯವರು ಕೊನೆಯ ಸಲ ಯಾವಾಗ ಬಂದಿದ್ದರು, ಏನು ಬರೆದು ಹೋದರು ಎಂದು ಕೇಳಿ. ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಪರವಾನಗಿ ಕೊಟ್ಟ ಕಚೇರಿಗೇ ಅರ್ಜಿ ಹಾಕಿ, ತಪಾಸಣಾ ವರದಿಯ ಪ್ರತಿ ಕೇಳಿ. 30 ದಿನದೊಳಗೆ ಉತ್ತರಿಸಬೇಕು. ವರದಿಯೇ ಇಲ್ಲ ಎಂಬ ಉತ್ತರ ಬಂದರೂ ಅದನ್ನು ಜೋಪಾನವಾಗಿಡಿ.

ನಾನು ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಆಗಿದ್ದಾಗ ತೀರ್ಥಹಳ್ಳಿ ಕಡೆ ತಪಾಸಣೆಗೆ ಹೋದರೆ ರಿಜಿಸ್ಟರ್ ಆಮೇಲೆ, ಹಿತ್ತಲು ಮೊದಲು. ಬಾವಿಕಟ್ಟೆ ಎಷ್ಟೆತ್ತರ ಇದೆ, ಬಚ್ಚಲ ಚಿಲಕ ಮಗುವಿನ ಕೈಗೆ ಎಟುಕುತ್ತದೆಯೇ, ಅಡಿಕೆಗೆ ಔಷಧಿ ಹೊಡೆಯಲು ತಂದ ಮೈಲುತುತ್ತು ಎಲ್ಲಿದೆ ಎಂದು ನೋಡುತ್ತಿದ್ದೆ. ನಮ್ಮ ಕಡೆ ಮಳೆಗಾಲದಲ್ಲಿ ಹಂಡೆಯ ನೀರು ಹೊತ್ತು ಮುಳುಗುವವರೆಗೂ ಕಾದೇ ಇರುತ್ತದೆ. ಅರ್ಧ ಬಕೆಟ್ ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು. ನಿಮ್ಮ ಮಗನಿಗೆ ಬಂದದ್ದು ಬೊಬ್ಬೆ, ಆದರೆ ಅವನು ಅಲ್ಲಿ ಒಬ್ಬನೇ ಇದ್ದ. ನನಗೆ ಭಯವಾಗುವುದು ಅದಕ್ಕೆ.

ಕೆಲಸದ ಜಾಗದ ಶಿಶುಪಾಲನಾ ಕೇಂದ್ರಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ತಂದ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಜೊತೆಗೆ ಒಬ್ಬ ಸಹಾಯಕಿ ಎಂದಿದೆ. ಖಾಸಗಿ ಡೇ ಕೇರನ್ನೂ ಇದೇ ಅಳತೆಗೋಲಿನಿಂದ ಅಳೆಯಿರಿ. ಮಧ್ಯಾಹ್ನ ಮೂರಕ್ಕೆ, ಮಕ್ಕಳು ಮಲಗಿ ಏಳುವ ಹೊತ್ತಿಗೆ, ಹೇಳದೆ ಕೇಳದೆ ಹೋಗಿ ಮಕ್ಕಳ ತಲೆ ಎಣಿಸಿ. ಒಳಗೆ ಬಿಡದಿದ್ದರೆ ಮಗನನ್ನು ಕರೆದುಕೊಂಡೇ ಬನ್ನಿ.

ಬೊಬ್ಬೆಯ ಫೋಟೊ ತೆಗೆದಿಡಿ, ಮೆಗ್ಗಾನ್ ಆಸ್ಪತ್ರೆಯಲ್ಲೋ ನಿಮ್ಮ ಡಾಕ್ಟರ ಹತ್ತಿರವೋ ತೋರಿಸಿ ಚೀಟಿ ಬರೆಸಿಕೊಳ್ಳಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ದೂರನ್ನು ಬರೆದೇ ಕೊಟ್ಟು ಸ್ವೀಕೃತಿ ಪಡೆಯಿರಿ. ತುರ್ತಿದ್ದರೆ 1098ಕ್ಕೆ ಕರೆ ಮಾಡಿ. ಮಗುವಿನ ಹೊಣೆ ಹೊತ್ತ ಸಂಸ್ಥೆಯವರೇ ಬೇಕೆಂದು ಉಪೇಕ್ಷೆ ಮಾಡಿ ಮಗುವಿಗೆ ನೋವಾದರೆ, 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಂತೆ 5 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ. ಒಂದು ಬೊಬ್ಬೆಗೆ ಅಷ್ಟು ದೂರ ಹೋಗಬೇಕಾಗದು. ಆದರೆ "ಏನಾಗಲ್ಲ ಬಿಡಿ" ಎಂದವರಿಗೆ ಈ ಕಲಮು ಗೊತ್ತಿರಲಿ.

ಇನ್ನು ಎಲ್ಲಿ ಬಿಡಲಿ ಅಂದಿರಿ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂಬುದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲೇ ಬಂದ ನಿಯಮ. ನಿಮ್ಮಲ್ಲಿ 70 ಜನರಿದ್ದೀರಿ. ಚಿಕ್ಕ ಮಕ್ಕಳಿರುವ ಇನ್ನಿಬ್ಬರು ಸಹೋದ್ಯೋಗಿಗಳನ್ನು ಜೊತೆಗೆ ಕರೆದುಕೊಂಡು, ನಾಳೆಯೇ ಎಚ್‌ಆರ್‌ಗೆ ಒಂದು ಪತ್ರ ಕೊಡಿ.