ಚುನಾವಣೆ ಸೋತ ರಾಜಕಾರಣಿಗಳು ಮಾತ್ರ ಕಂಪನಿಗಳಿಗೆ ಹೋಗುವುದಾ? ಗೆದ್ದವರು ಯಾರಾದರೂ ಹೋಗಿದ್ದಾರಾ?

ಹೋಗಿದ್ದಾರೆ. ಕೆನಡಾದ ಫ್ರಾಂಕ್ ಮೆಕೆನ್ನಾ. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಪ್ರೀಮಿಯರ್ ಆಗಿದ್ದವರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಆ ಪ್ರಾಂತ್ಯದ ಮಾಂಕ್ಟನ್‌ನಲ್ಲಿ ನಾನು ಮೂರು ವರ್ಷ ಕಾಲ್ ಸೆಂಟರ್ ಕೆಲಸ ಮಾಡಿದ್ದೇನೆ. ಹಾಗಾಗಿ ಇವರ ಕಥೆ ನನಗೆ ಸುಮ್ನೆ ಓದಿ ತಿಳಿದದ್ದಲ್ಲ.

ಮೆಕೆನ್ನಾ ಮೊದಲು ವಕೀಲರು. ಯವಾನ್ ಡ್ಯುರೆಲ್ ಎಂಬ ಹೆಸರಾಂತ ಬಾಕ್ಸರ್ ಮೇಲಿದ್ದ ಕೊಲೆ ಕೇಸಿನಲ್ಲಿ ಅವರ ಪರ ವಾದಿಸಿ ಬಿಡಿಸಿಕೊಂಡು ಬಂದರು. 1982ರಲ್ಲಿ ಶಾಸಕರಾದರು. 1987ರ ಅಕ್ಟೋಬರ್ 13ರಂದು ಅವರ ಲಿಬರಲ್ ಪಕ್ಷ 58ಕ್ಕೆ 58 ಸೀಟೂ ಗೆದ್ದಿತು. 17 ವರ್ಷ ಆಳಿದ್ದ ರಿಚರ್ಡ್ ಹ್ಯಾಟ್‌ಫೀಲ್ಡ್ ತಮ್ಮ ಸ್ವಂತ ಸೀಟನ್ನೂ ಕಳೆದುಕೊಂಡರು. ವಿರೋಧ ಪಕ್ಷದ ಸಾಲಿನಲ್ಲಿ ಕೂರಲು ಒಬ್ಬರೂ ಉಳಿಯಲಿಲ್ಲ.

ನೋಡಬೇಕಾದ್ದು ಆಮೇಲಿನ ಕೆಲಸ. ಮೀನು, ಮರ ನಂಬಿಕೊಂಡಿದ್ದ ಬಡ ಪ್ರಾಂತ್ಯ ಅದು. ಆದರೆ ಅಲ್ಲಿ ಒಳ್ಳೆಯ ಡಿಜಿಟಲ್ ಟೆಲಿಫೋನ್ ಜಾಲ ಇತ್ತು. ಇಂಗ್ಲಿಷ್, ಫ್ರೆಂಚ್ ಎರಡೂ ಸಲೀಸಾಗಿ ಆಡುವ ಜನ ಇದ್ದರು. ಇಷ್ಟು ಹಿಡಿದುಕೊಂಡು ಮೆಕೆನ್ನಾ ಕಂಪನಿ ಮುಖ್ಯಸ್ಥರಿಗೆ ತಾವೇ ಫೋನ್ ಮಾಡತೊಡಗಿದರು. ಕಂಪನಿಯವರು ಉಚಿತವಾಗಿ ಕರೆ ಮಾಡಲು ಒಂದು ನಂಬರೂ ಇತ್ತು: 1-800-ಮೆಕೆನ್ನಾ. ಇಂಗ್ಲಿಷ್‌ನಲ್ಲಿ ಅವರ ಹೆಸರಿಗೆ ಏಳು ಅಕ್ಷರ, 1-800 ಆದಮೇಲೆ ಫೋನ್ ನಂಬರಿಗೂ ಏಳೇ ಅಂಕಿ. ಫೋನಿನ ಗುಂಡಿಗಳ ಮೇಲೆ ಅಂಕಿಯ ಜೊತೆ ಅಕ್ಷರಗಳೂ ಇರುವುದರಿಂದ ಹೆಸರನ್ನೇ ಒತ್ತಬಹುದಿತ್ತು. ಸರಿಯಾಗಿ ಕೂತುಬಿಟ್ಟಿತು! ಕಾಲ್ ಸೆಂಟರ್‌ಗಳು ಸಾಲಾಗಿ ಬಂದವು. ನಮ್ಮ ಕೆಲಸ ಕಿತ್ತುಕೊಳ್ಳುತ್ತಿದ್ದಾರೆ ಎಂದು ಬೇರೆ ಪ್ರಾಂತ್ಯದವರು ಸಿಟ್ಟಾದರು. ಕಾಲ್ ಸೆಂಟರ್ ಸಂಬಳ ಏನು ಮಹಾ ಎಂಬ ಟೀಕೆಯೂ ಇತ್ತು, ಅದರಲ್ಲಿ ಹುರುಳಿದೆ. ಆದರೂ ನನ್ನ ಪಕ್ಕದ ಸೀಟಿನಾಕೆ ಒಂದೇ ಉಸಿರಲ್ಲಿ "ಹಲೋ, ಬೋಂಜೂರ್" ಅನ್ನುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ. ಗಿರಾಕಿ ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೋ ಮುಂದಿನ ಮಾತೆಲ್ಲ ಅದರಲ್ಲೇ. ಊರು ಬಿಡದೆ, ಮನೆ ಮಾತಿನಿಂದಲೇ ಆಕೆಗೆ ಕೆಲಸ ಸಿಕ್ಕಿತ್ತು.

ಹತ್ತು ವರ್ಷ ಮಾತ್ರ ಇರುತ್ತೇನೆ ಎಂದಿದ್ದರು ಮೆಕೆನ್ನಾ. ಮೂರು ಚುನಾವಣೆ ಗೆದ್ದು, 1997ರ ಅಕ್ಟೋಬರ್ 13ಕ್ಕೆ, ಅದೇ ತಾರೀಕಿಗೆ, ಇಳಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಇದಕ್ಕೇ. ಮತ್ತೆ ವಕೀಲಿಕೆ, ಕಂಪನಿಗಳ ನಿರ್ದೇಶಕ ಮಂಡಳಿಗಳು. 2005ರಲ್ಲಿ ಅಮೆರಿಕಕ್ಕೆ ರಾಯಭಾರಿ. ಮರುವರ್ಷ ಲಿಬರಲ್ ಪಕ್ಷದ ರಾಷ್ಟ್ರೀಯ ನಾಯಕತ್ವ ಖಾಲಿ ಬಿತ್ತು. ಎಲ್ಲರೂ ಇವರ ಕಡೆ ನೋಡಿದರು. ಅವರು ಒಲ್ಲೆ ಅಂದರು. 2006ರ ಮೇ ತಿಂಗಳಲ್ಲಿ ಕೆನಡಾದ ದೊಡ್ಡ ಬ್ಯಾಂಕುಗಳಲ್ಲಿ ಒಂದಾದ ಟಿಡಿ ಬ್ಯಾಂಕಿನ ಉಪಾಧ್ಯಕ್ಷರಾದರು. 2010ರಲ್ಲಿ ಬ್ರೂಕ್‌ಫೀಲ್ಡ್ ಎಂಬ ದೊಡ್ಡ ಹೂಡಿಕೆ ಕಂಪನಿಯ ಮಂಡಳಿಗೂ ಅಧ್ಯಕ್ಷರಾದರು.

ಬ್ಯಾಂಕಿಗೆ ಇವರಿಂದ ಏನು ಲಾಭ ಅಂತ ನೀವು ಕೇಳಬಹುದು. ದೊಡ್ಡ ಗಿರಾಕಿಗಳ ಜೊತೆ ಕೂತು ಮಾತಾಡಿ ನಂಬಿಕೆ ಗಳಿಸುವವರು ಬ್ಯಾಂಕಿಗೆ ಬೇಕು. ಆ ಕೆಲಸವನ್ನು ಮೆಕೆನ್ನಾ ಪ್ರೀಮಿಯರ್ ಆಗಿದ್ದಾಗಲೇ ಹತ್ತು ವರ್ಷ ಮಾಡಿದ್ದರು. ಜನರ ಹುದ್ದೆಯಲ್ಲಿದ್ದು ಗಳಿಸಿದ ಪರಿಚಯ ಕೊನೆಗೆ ಒಂದು ಬ್ಯಾಂಕಿನ ಪಾಲಾಯಿತಲ್ವಾ ಎಂಬ ಕಸಿವಿಸಿ ನನಗೂ ಇದೆ. ಆದರೆ ಸೋತು ಹೋದವರು ಅಂತ ಇವರನ್ನು ಯಾರೂ ಹೇಳುವ ಹಾಗಿಲ್ಲ.