ಹೊಸ ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸುತ್ತಿದ್ದೇನೆ. ಪಾರ್ಟ್‌ಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ತಿಳಿಯುವುದು ಹೇಗೆ?

ಅಂಗಡಿಯವರು ನಿಮಗೆ ಬರೆದುಕೊಟ್ಟ ಪಟ್ಟಿ ಹೀಗಿದೆ: ಇಂಟೆಲ್ ಐ5-12400ಎಫ್, ‘ಬಿ760 ಬೋರ್ಡ್’, 16 ಜಿಬಿ ರ‍್ಯಾಮ್, 500 ಜಿಬಿ ಎಂ.2 ಎಸ್‌ಎಸ್‌ಡಿ, 450 ವ್ಯಾಟ್ ಎಸ್‌ಎಂಪಿಎಸ್ (ಎಲ್ಲ ಪಾರ್ಟ್‌ಗಳಿಗೂ ವಿದ್ಯುತ್ ಕೊಡುವ ಪವರ್ ಸಪ್ಲೈ), ಕ್ಯಾಬಿನೆಟ್. ಕೋಡಿಂಗ್ ಮತ್ತು ಸ್ವಲ್ಪ ವಿಡಿಯೊ ಎಡಿಟಿಂಗ್‌ಗೆ ಬೇಕು, ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷ ನೋಡೋಣ ಎಂದಿದ್ದೀರಿ. ಅಣ್ಣನ ಹಳೆಯ ಎಂಟನೇ ಜನರೇಶನ್ ಐ3 ಕಂಪ್ಯೂಟರ್‌ನ 8 ಜಿಬಿ ರ‍್ಯಾಮ್ ಮತ್ತು ಕೂಲರ್ ಬಳಸಬಹುದೇ ಎಂದೂ ಕೇಳಿದ್ದೀರಿ.

ಮೊದಲು ತುರ್ತಿನ ಮಾತು. ಈ ಪಟ್ಟಿಯಲ್ಲಿರುವುದನ್ನೇ ತಂದು ಜೋಡಿಸಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಆದರೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. 12400ಎಫ್‌ನ ಕೊನೆಯಲ್ಲಿರುವ ‘ಎಫ್’ ಅಂದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಬೋರ್ಡ್‌ನ ಹಿಂಭಾಗದಲ್ಲಿ ಎಚ್‌ಡಿಎಂಐ ಪೋರ್ಟ್ ಇದ್ದೇ ಇರುತ್ತದೆ. ಅದನ್ನು ನೋಡಿಯೇ ಜನ ಮೋಸಹೋಗುವುದು. ಆ ಪೋರ್ಟ್‌ಗೆ ಚಿತ್ರ ಕಳಿಸಬೇಕಾದದ್ದು ಪ್ರೊಸೆಸರ್. ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷವೇ ಆದರೆ ಎಫ್ ಇಲ್ಲದ 12400 ಕೇಳಿ. ಅದರಲ್ಲಿ ಯುಎಚ್‌ಡಿ 730 ಗ್ರಾಫಿಕ್ಸ್ ಇದೆ, ಜೊತೆಗೆ ವಿಡಿಯೊ ಎಡಿಟಿಂಗ್‌ನಲ್ಲಿ ನಿಜಕ್ಕೂ ಕೈಹಿಡಿಯುವ ಕ್ವಿಕ್ ಸಿಂಕ್ (ವಿಡಿಯೊ ಸಂಕುಚನದ ಕೆಲಸವನ್ನು ವೇಗವಾಗಿ ಮಾಡುವ) ಸೌಲಭ್ಯವೂ ಇದೆ. ಮೊಬೈಲ್‌ನಲ್ಲಿ ತೆಗೆದ ಎಚ್‌ಇವಿಸಿ (ಹೆಚ್ಚು ಸಂಕುಚಿತ) ವಿಡಿಯೊವನ್ನು ಟೈಮ್‌ಲೈನ್‌ನಲ್ಲಿ ಎಳೆದಾಡುವಾಗ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ನಾನು ನನಗಾಗಿ, ನೆಂಟರಿಗಾಗಿ, ಸ್ನೇಹಿತರಿಗಾಗಿ ಹದಿನೈದು ವರ್ಷಗಳಿಂದ ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಟೇಶನ್ ಹಿಡಿದು ಅಂಗಡಿಯಿಂದ ಅಂಗಡಿಗೆ ಎಷ್ಟು ಸಲ ಅಲೆದಿದ್ದೇನೋ ಲೆಕ್ಕವಿಲ್ಲ. ಹೊಂದಾಣಿಕೆಯ ತಪ್ಪುಗಳಲ್ಲಿ ಹೆಚ್ಚಿನವು ಹೆಸರಿನ ಕೊನೆಯ ಒಂದೆರಡು ಅಕ್ಷರಗಳಲ್ಲೇ ಅಡಗಿರುತ್ತವೆ. ಒಂದು ದೀರ್ಘ ಬಿಟ್ಟರೆ ‘ಕಾರು’ ಹೋಗಿ ‘ಕರು’ ಆಗುತ್ತದಲ್ಲ, ಇಲ್ಲೂ ಹಾಗೆಯೇ. ಆದ್ದರಿಂದ ಬೆಲೆ ಮಾತಾಡುವ ಮೊದಲು ಪ್ರತಿ ಪಾರ್ಟ್‌ನ ಪೂರ್ತಿ ಹೆಸರನ್ನು, ಡಬ್ಬದ ಮೇಲೆ ಇರುವ ಹಾಗೆಯೇ, ಬರೆಸಿಕೊಳ್ಳಿ.

ನಿಮ್ಮ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಆತಂಕ ತಂದದ್ದು ‘ಬಿ760 ಬೋರ್ಡ್’ ಎಂಬ ಎರಡೇ ಪದ. ಬಿ760 ಎನ್ನುವುದು ಚಿಪ್‌ಸೆಟ್‌ನ (ಬೋರ್ಡ್ ಮೇಲಿನ ನಿಯಂತ್ರಕ ಚಿಪ್‌ನ) ಹೆಸರು, ಬೋರ್ಡ್‌ನದಲ್ಲ. ಆ ಚಿಪ್‌ಸೆಟ್ ಇಟ್ಟುಕೊಂಡು ಪ್ರತಿ ಕಂಪನಿಯೂ ಹತ್ತಾರು ಬೋರ್ಡ್ ಮಾಡುತ್ತದೆ. ಏಸುಸ್‌ನ ‘ಪ್ರೈಮ್ ಬಿ760ಎಂ-ಎ ಡಿ4’ ಎಂಬುದಕ್ಕೆ ಹಿಂದಿನ ಪೀಳಿಗೆಯ ಡಿಡಿಆರ್4 ರ‍್ಯಾಮ್ ಬೇಕು, ‘ಡಿ4’ ಇಲ್ಲದ ‘ಪ್ರೈಮ್ ಬಿ760ಎಂ-ಎ’ಗೆ ಅದರ ನಂತರದ ಡಿಡಿಆರ್5. ಗಿಗಾಬೈಟ್‌ನ ‘ಬಿ760ಎಂ ಡಿಎಸ್3ಎಚ್’ ಎಂದಷ್ಟೇ ಇದ್ದರೆ ಡಿಡಿಆರ್5, ಮುಂದೆ ‘ಡಿಡಿಆರ್4’ ಎಂದು ಸೇರಿದ್ದರೆ ಡಿಡಿಆರ್4. ‘ಬಿ760’ರ ಪಕ್ಕದ ‘ಎಂ’ ಅಂದರೆ ಬೋರ್ಡ್‌ನ ಅಳತೆ ಮೈಕ್ರೊ ಎಟಿಎಕ್ಸ್. ‘ವೈಫೈ’ ಎಂಬ ಪದ ಹೆಸರಿನಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ವೈಫೈಯೂ ಇಲ್ಲ. ಹಾಸ್ಟೆಲ್‌ನಲ್ಲಿ ಇರುವವರು ಇದನ್ನು ಮರೆಯಬಾರದು.

ಒಮ್ಮೆ ಡಿಡಿಆರ್4 ಮತ್ತು ಡಿಡಿಆರ್5 ಎರಡನ್ನೂ ಅಂಗೈ ಮೇಲೆ ಅಕ್ಕಪಕ್ಕ ಇಟ್ಟು ನೋಡಿ. ಉದ್ದ ಒಂದೇ, ಪಿನ್‌ಗಳೂ ಎರಡರಲ್ಲೂ 288. ಆದರೆ ಕೆಳಗಿನ ಚಿನ್ನದ ಬಣ್ಣದ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇದೆಯಲ್ಲ, ಅದರ ಜಾಗ ಬೇರೆ. ಡಿಡಿಆರ್5ರಲ್ಲಿ ಅದು ನಡುವಿಗೆ ಇನ್ನಷ್ಟು ಹತ್ತಿರ. ಒಂದರ ಸ್ಲಾಟ್‌ಗೆ ಇನ್ನೊಂದು ಇಳಿಯದಿರಲಿ ಎಂದೇ ಹಾಗೆ ಮಾಡಿದ್ದಾರೆ. ಇಳಿಯದಿದ್ದಾಗ ‘ಸ್ವಲ್ಪ ಬಿಗಿ ಇದೆ’ ಎಂದುಕೊಂಡು ಹೆಬ್ಬೆರಳಿನಿಂದ ಅದುಮಿ ಸ್ಲಾಟ್ ಸೀಳಿದವರನ್ನು ನಾನು ಕಂಡಿದ್ದೇನೆ.

ಅಣ್ಣನ ರ‍್ಯಾಮ್ ವಿಷಯಕ್ಕೆ ಬರೋಣ. ಎಂಟನೇ ಜನರೇಶನ್ ಐ3 ಡೆಸ್ಕ್‌ಟಾಪ್ ಅಂದರೆ ಅದರ ರ‍್ಯಾಮ್ ಬಹುತೇಕ ಡಿಡಿಆರ್4. ಮೇಲಿನ ಸ್ಟಿಕ್ಕರ್ ಓದಿ ಖಚಿತಪಡಿಸಿಕೊಳ್ಳಿ. ಹಾಗಿದ್ದರೆ ನೀವು ಡಿಡಿಆರ್4 ಬೋರ್ಡ್ ತೆಗೆದುಕೊಳ್ಳುವುದರಲ್ಲಿ ಅರ್ಥವಿದೆ, ಆ 8 ಜಿಬಿ ಕೆಲಸಕ್ಕೆ ಬರುತ್ತದೆ. ಅಂಥದ್ದೇ ಇನ್ನೊಂದು 8 ಜಿಬಿ ಕೊಂಡರೆ 16 ಆಯಿತು, ಎಡಿಟಿಂಗ್‌ಗೆ ಮುಂದೆ 32 ಮಾಡಿದರಾಯಿತು. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದರೆ ಮನೆಯಲ್ಲಿರುವ ರ‍್ಯಾಮ್ ಬಿಡಬಾರದು. ಒಂದು ಮಾತು ಗಮನದಲ್ಲಿರಲಿ: ಬೇರೆ ಬೇರೆ ವೇಗದ ಎರಡು ಹಾಕಿದರೆ ಎರಡೂ ನಿಧಾನದ್ದರ ವೇಗದಲ್ಲೇ ಓಡುತ್ತವೆ. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಎರಡು ರ‍್ಯಾಮ್ ಅಕ್ಕಪಕ್ಕ ಹಾಕಬೇಡಿ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು.

ಕೂಲರ್ ಮಾತ್ರ ಬೇಡ. ಅಣ್ಣನ ಬೋರ್ಡ್‌ನ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಎಲ್‌ಜಿಎ 1151, ಅದರ ಸುತ್ತ ಕೂಲರ್ ಕೂರುವ ತೂತುಗಳ ನಡುವಿನ ಅಂತರ 75 ಮಿಲಿಮೀಟರ್. ನಿಮ್ಮ 12400ರ ಸಾಕೆಟ್ ಎಲ್‌ಜಿಎ 1700, ಅಲ್ಲಿ 78. ಮೂರೇ ಮಿಲಿಮೀಟರ್, ಆದರೂ ಕಾಲು ಕೂರುವುದಿಲ್ಲ. ಬಾಕ್ಸ್‌ನಲ್ಲಿ ಬರುವ 12400 ಜೊತೆಗೆ ಇಂಟೆಲ್‌ನದೇ ಕೂಲರ್ ಬರುತ್ತದೆ, ನಿಮ್ಮ ಕೆಲಸಕ್ಕೆ ಅದು ಸಾಕು. ‘ಟ್ರೇ’ ಪೀಸ್ (ಬಾಕ್ಸ್ ಇಲ್ಲದೆ ಬಿಡಿಯಾಗಿ ಬರುವುದು) ಎಂದು ಕಡಿಮೆ ಬೆಲೆಗೆ ಕೊಟ್ಟರೆ ಕೂಲರ್ ಇರುವುದಿಲ್ಲ, ವಾರಂಟಿ ಯಾರದು ಎಂದೂ ಕೇಳಿ.

ಪ್ರೊಸೆಸರ್ ಮತ್ತು ಬೋರ್ಡ್ ಜೋಡಿ ನಿಮ್ಮಲ್ಲಿ ಸರಿಯಾಗಿದೆ. ಎಲ್‌ಜಿಎ 1700ರಲ್ಲಿ 12, 13, 14ನೇ ಜನರೇಶನ್ ಮೂರೂ ಕೂರುತ್ತವೆ, ಬಿ760 ಬಂದದ್ದು 2023ರಲ್ಲಿ, 12ನೆಯದರ ನಂತರ. ತೊಂದರೆ ಬರುವುದು ತಿರುಗುಮುರುಗಾದಾಗ: ಬೋರ್ಡ್ ಹಳೆಯದು, ಪ್ರೊಸೆಸರ್ ಹೊಸದು. ಬಿ660 ಬೋರ್ಡ್ ಮೇಲೆ 14ನೇ ಜನರೇಶನ್ ಇಟ್ಟಾಗ ಬಯೋಸ್ (ಯಂತ್ರವನ್ನು ಚಾಲೂ ಮಾಡುವ, ಬೋರ್ಡ್‌ನೊಳಗಿನ ತಂತ್ರಾಂಶ) ಹಳೆಯದಿದ್ದರೆ ಯಂತ್ರ ಏಳದೇ ಇರಬಹುದು. ಸಾಕೆಟ್‌ನ ಅಂಕಿ ಒಂದೇ ಇದ್ದರೂ ಸಾಲದು ಎನ್ನುವುದಕ್ಕೆ ಅಣ್ಣನ ಯಂತ್ರವೇ ಸಾಕ್ಷಿ. 1151 ಎಂಬ ಅಂಕಿಯೇ ಇರುವ 200 ಸರಣಿಯ ಬೋರ್ಡ್‌ಗಳಲ್ಲಿ ಎಂಟನೇ ಜನರೇಶನ್ ಡೆಸ್ಕ್‌ಟಾಪ್ ಪ್ರೊಸೆಸರ್ ನಡೆಯುವುದಿಲ್ಲ, 300 ಸರಣಿಯೇ ಬೇಕಿತ್ತು. ಪ್ರತಿ ಬೋರ್ಡ್ ಕಂಪನಿಯ ವೆಬ್‌ಸೈಟ್‌ನಲ್ಲೂ ‘ಸಿಪಿಯು ಸಪೋರ್ಟ್’ ಪಟ್ಟಿ ಇರುತ್ತದೆ. ಪ್ರೊಸೆಸರ್ ಹೆಸರಿನ ಎದುರು ಯಾವ ಬಯೋಸ್ ಆವೃತ್ತಿಯಿಂದ ನಡೆಯುತ್ತದೆ ಎಂದು ಬರೆದಿರುತ್ತಾರೆ. ಅಂಗಡಿಯವರ ಬಾಯಿಮಾತಿಗಿಂತ ಆ ಸಾಲು ನಂಬಿ.

ಎಎಂಡಿ ಕಡೆ ಹೋಗಬೇಕೇ ಎಂಬ ಯೋಚನೆ ನಿಮಗಿದ್ದರೆ ಅಲ್ಲೂ ಅಕ್ಷರದ ಆಟವೇ. ಎಎಂಡಿಯ ಹಿಂದಿನ ಸಾಕೆಟ್ ಎಎಂ4 ಕಾಲದ ರೈಜನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. ಈಗಿನ ಸಾಕೆಟ್ ಎಎಂ5ರ 7600ರಲ್ಲಿ ಸಣ್ಣದೊಂದು ಗ್ರಾಫಿಕ್ಸ್ ಇದೆ, 7500ಎಫ್‌ನಲ್ಲಿ ಇಲ್ಲ. ಎಎಂ5ಕ್ಕೆ ಡಿಡಿಆರ್5 ಮಾತ್ರ, ಅಣ್ಣನ ರ‍್ಯಾಮ್ ಅಲ್ಲಿ ಕೆಲಸಕ್ಕೆ ಬಾರದು. ಎಎಂಡಿ ಈ ಸಾಕೆಟ್ ಅನ್ನು 2027 ಮತ್ತು ಅದರಾಚೆಗೂ ಮುಂದುವರಿಸುವುದಾಗಿ ಹೇಳಿದೆ. ಎಲ್‌ಜಿಎ 1700ರ ಜಾಗಕ್ಕೆ ಮಾತ್ರ 2024ರಲ್ಲೇ ಎಲ್‌ಜಿಎ 1851 ಬಂದಾಗಿದೆ. ಮೂರ್ನಾಲ್ಕು ವರ್ಷದ ನಂತರ ಬೋರ್ಡ್ ಹಾಗೇ ಇಟ್ಟು ಪ್ರೊಸೆಸರ್ ಮಾತ್ರ ಬದಲಿಸುವ ಆಸೆ ಇದ್ದರೆ ಎಎಂ5 ನೋಡಿ. ಈಗಿನ ಬಜೆಟ್ ಮುಖ್ಯವಾದರೆ ನಿಮ್ಮ ಪಟ್ಟಿಯ ದಾರಿಯೇ ಸರಿ.

ಎಸ್‌ಎಸ್‌ಡಿ ಬಗ್ಗೆ ಒಂದೇ ಮಾತು. ‘ಎಂ.2’ ಅನ್ನುವುದು ಆಕಾರ. ಅದೇ ಆಕಾರದಲ್ಲಿ ಹಳೆಯ, ನಿಧಾನದ ಸಾಟಾವೂ ಬರುತ್ತದೆ, ವೇಗದ ಎನ್‌ವಿಎಂಇಯೂ ಬರುತ್ತದೆ, ಕೆಲವು ಬೋರ್ಡ್ ಸ್ಲಾಟ್‌ಗಳು ಎನ್‌ವಿಎಂಇ ಮಾತ್ರ ಒಪ್ಪುತ್ತವೆ. ‘ಎನ್‌ವಿಎಂಇ, 2280’ ಎಂದು ಬರೆಸಿ. 22 ಮಿಲಿಮೀಟರ್ ಅಗಲ, 80 ಉದ್ದ ಎಂದು ಅದರ ಅರ್ಥ.

ಇನ್ನು ಎಸ್‌ಎಂಪಿಎಸ್. ದಯವಿಟ್ಟು ಇದರಲ್ಲಿ ಹಣ ಉಳಿಸಬೇಡಿ. ‘450 ವ್ಯಾಟ್’ ಎಂದು ದೊಡ್ಡದಾಗಿ ಬರೆದ ಡಬ್ಬದ ಪಕ್ಕದಲ್ಲಿ ಅಂಟಿಸಿದ ಲೇಬಲ್ ಓದಿ. ಅಲ್ಲಿ +12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. 36 ಇದ್ದರೆ 432 ವ್ಯಾಟ್, ಅದು ಮರ್ಯಾದಸ್ತ ಎಸ್‌ಎಂಪಿಎಸ್. 18 ಇದ್ದರೆ 216 ಮಾತ್ರ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಈ 12 ವೋಲ್ಟ್‌ನಿಂದಲೇ. ನಿಮ್ಮ 12400 ಪೂರ್ತಿ ದುಡಿಯುವಾಗ 117 ವ್ಯಾಟ್‌ವರೆಗೆ ಎಳೆಯಬಹುದು. ಮುಂದಿನ ವರ್ಷ ಆರ್‌ಟಿಎಕ್ಸ್ 4060ರಂಥ 115 ವ್ಯಾಟ್ ಕಾರ್ಡ್ ಹಾಕಿದರೆ ಎರಡೂ ಸೇರಿ 232 ಆಯಿತು, ಮೇಲೆ ಉಳಿದದ್ದರ ಖರ್ಚು ಬೇರೆ. ಆ ಕಾರ್ಡ್‌ಗೆ ಎನ್‌ವಿಡಿಯಾ ಸೂಚಿಸುವುದು 550 ವ್ಯಾಟ್. ಹಾಗಾಗಿ ಈಗಲೇ ಒಳ್ಳೆಯ 550 ತೆಗೆದುಕೊಳ್ಳಿ. ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುವ 6+2 ಪಿನ್‌ನ ಕೇಬಲ್ ಇದೆಯೇ ಎಂದು ಕಣ್ಣಾರೆ ನೋಡಿ.

ಕೇಬಲ್ ಬಗ್ಗೆ ನಾನು ಬೆಲೆ ತೆತ್ತು ಕಲಿತದ್ದನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ನನ್ನ ಎಸ್‌ಎಂಪಿಎಸ್ ಹಳೆಯದಾಯಿತೆಂದು ಬೇರೆ ಕಂಪನಿಯದ್ದು ತಂದೆ. ಎರಡೂ ಮಾಡ್ಯುಲರ್, ಕೇಬಲ್ ಬಿಚ್ಚಿ ಹಾಕುವಂಥವು. ಹಳೆಯ ಕೇಬಲ್‌ಗಳನ್ನು ಕ್ಯಾಬಿನೆಟ್ ಹಿಂದೆ ಅಚ್ಚುಕಟ್ಟಾಗಿ ಕಟ್ಟಿದ್ದೆ, ಅವನ್ನೇ ಹೊಸದಕ್ಕೆ ಚುಚ್ಚಿದೆ. ಸಲೀಸಾಗಿ ಕೂತವು. ಸ್ವಿಚ್ ಹಾಕಿದೆ. ಒಳಗೆ ‘ಟಪ್’ ಎಂದು ಒಂದು ಸದ್ದು, ಆಮೇಲೆ ಸುಟ್ಟ ವಾಸನೆ. ಎರಡು ಹಾರ್ಡ್ ಡಿಸ್ಕ್ ಒಟ್ಟಿಗೆ ಹೋದವು. ಒಂದರಲ್ಲಿದ್ದದ್ದಕ್ಕೆ ಬ್ಯಾಕಪ್ ಇತ್ತು. ಇನ್ನೊಂದರಲ್ಲಿ ತಂಗಿಯ ಮದುವೆಯ ಫೋಟೊಗಳಿದ್ದವು, ಅವು ಮರಳಿ ಸಿಗಲಿಲ್ಲ. ಕೇಬಲ್‌ನ ಡಿಸ್ಕ್ ಕಡೆಯ ತುದಿ ಎಲ್ಲ ಕಂಪನಿಗಳಲ್ಲೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ಒಂದೇ ನಿಯಮ ಇಲ್ಲ. 5 ವೋಲ್ಟ್ ಬರಬೇಕಾದ ತಂತಿಯಲ್ಲಿ 12 ಬಂದಿತ್ತು. ಆಕಾರ ಹೊಂದಿದರೆ ಎಲ್ಲವೂ ಹೊಂದಿತು ಎಂದುಕೊಂಡಿದ್ದೆ. ಇವತ್ತಿಗೂ ಎಸ್‌ಎಂಪಿಎಸ್ ಬದಲಿಸಿದರೆ ಅದರ ಜೊತೆ ಬಂದ ಕೇಬಲ್ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ.

ಕ್ಯಾಬಿನೆಟ್‌ನಲ್ಲಿ ನೋಡಬೇಕಾದದ್ದು ಅಳತೆಗಳು. ಮೈಕ್ರೊ ಎಟಿಎಕ್ಸ್ ಬೋರ್ಡ್ ಎಟಿಎಕ್ಸ್ ಕ್ಯಾಬಿನೆಟ್‌ನಲ್ಲಿ ಕೂರುತ್ತದೆ, ತಿರುಗುಮುರುಗು ಸಾಧ್ಯವಿಲ್ಲ. ಎಷ್ಟು ಉದ್ದದ ಗ್ರಾಫಿಕ್ಸ್ ಕಾರ್ಡ್, ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಎಂದು ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ, ಮುಂದಿನ ವರ್ಷದ ಕಾರ್ಡ್‌ಗೆ ಆ ಅಂಕಿ ಬರೆದಿಟ್ಟುಕೊಳ್ಳಿ. ಬೋರ್ಡ್ ಕೂರಿಸುವಾಗ ಅದರ ತೂತಿಲ್ಲದ ಜಾಗದಲ್ಲಿ ಕ್ಯಾಬಿನೆಟ್‌ನ ಹಿತ್ತಾಳೆಯ ಮೊಳೆ (ಬೋರ್ಡ್ ಎತ್ತಿ ಹಿಡಿಯುವ ಸ್ಟ್ಯಾಂಡ್‌ಆಫ್) ಉಳಿದಿದ್ದರೆ ತೆಗೆಯಿರಿ, ಬೋರ್ಡ್‌ನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ.

ಪ್ರೊಸೆಸರ್ ಕೂರಿಸುವಾಗ ಮಾತ್ರ ಹೆದರಬೇಡಿ. ಎಲ್‌ಜಿಎ 1700ರ ಲಿವರ್ ಒತ್ತುವಾಗ ‘ಕರ್ರ್’ ಎಂದು ಸದ್ದು ಬರುತ್ತದೆ, ಬೆರಳಿಗೆ ಸಾಕಷ್ಟು ಭಾರ ಬೇಕಾಗುತ್ತದೆ, ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಎಗರುತ್ತದೆ. ಮೊದಲ ಸಲ ಏನೋ ಮುರಿಯಿತು ಎಂದೇ ಅನಿಸುತ್ತದೆ. ಪ್ರೊಸೆಸರ್ ಮೂಲೆಯ ಚಿನ್ನದ ತ್ರಿಕೋನ ಸಾಕೆಟ್‌ನ ಗುರುತಿಗೆ ಸರಿಹೊಂದಿದ್ದರೆ, ಅದು ಒತ್ತದೆಯೇ ತನ್ನಷ್ಟಕ್ಕೆ ಕೂತಿದ್ದರೆ, ಆ ಸದ್ದು ಸಹಜ. ಎಗರಿದ ಮುಚ್ಚಳ ಎಸೆಯಬೇಡಿ, ವಾರಂಟಿಗೆ ಬೋರ್ಡ್ ಕಳಿಸುವಾಗ ಸಾಕೆಟ್‌ನ ಪಿನ್ ಕಾಯಲು ಅದೇ ಬೇಕು.

ಸದ್ಯಕ್ಕೆ ಅಂಗಡಿಯವರಿಗೆ ಫೋನ್ ಮಾಡಿ ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್ ಮೂರರ ಪೂರ್ತಿ ಹೆಸರು ಕೇಳಿ, ಸಾಧ್ಯವಾದರೆ ಡಬ್ಬಗಳ ಫೋಟೊ ತರಿಸಿಕೊಳ್ಳಿ. ಬೋರ್ಡ್‌ನ ಹೆಸರು ಇಲ್ಲಿ ಹಾಕಿದರೆ ಅದರ ಮ್ಯಾನುಯಲ್ ತೆರೆದು ನಿಮ್ಮ ಅಣ್ಣನ ರ‍್ಯಾಮ್ ಅದಕ್ಕೆ ಹೊಂದುತ್ತದೆಯೇ ಎಂದು ನೋಡಿ ಹೇಳುತ್ತೇನೆ.